ಜಂಬಿಟ್ಟಿಗೆ ಗೋಡೆಯನ್ನು ಬ್ಲೆಂಡರ್‌ಗೆ ತರುವುದು: ಸ್ವಂತ ಟೆಕ್ಸ್ಚರ್ ಮತ್ತು ಬಂಪ್ ಮ್ಯಾಪ್ ಕುರಿತ ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಹಳೆಯ ಮನೆಯೊಂದರ ಮೂರು ಆಯಾಮದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟವರಿಗೆ ಮಾಡು, ಜಗಲಿ, ಕಂಬಗಳಿಗೆ ಆಕಾರ ಕೊಡುವುದು ಹೆಚ್ಚು ದಿನದ ಕೆಲಸವಲ್ಲ. ಕೈ ಸೋಲುವುದು ಗೋಡೆಯ ಮೈಯನ್ನು ತೋರಿಸಬೇಕಾದಾಗ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಇಟ್ಟಿಗೆಯ ಚಿತ್ರವನ್ನು ಹೊದಿಸಿದರೆ ಅದು ಯಾವುದೋ ಊರಿನ ಗೋಡೆಯಾಗುತ್ತದೆಯೇ ಹೊರತು ಸಾಗರದ್ದೋ ತೀರ್ಥಹಳ್ಳಿಯದ್ದೋ ಆಗುವುದಿಲ್ಲ. ನಮ್ಮ ಗೋಡೆಗಳ ಕಲ್ಲು ಜಂಬಿಟ್ಟಿಗೆ; ಉತ್ತರ ಕನ್ನಡದವರು ಚಿರೆಕಲ್ಲು ಎನ್ನುತ್ತಾರೆ, ದಕ್ಷಿಣ ಕನ್ನಡದವರು ಕೆಂಪುಕಲ್ಲು ಎನ್ನುತ್ತಾರೆ. ಇದೇ ಬಗೆಯ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಲ್ಯಾಟರೈಟ್ ಎಂದು ಹೆಸರಿಟ್ಟಾಗ ಆತ ಆಯ್ದುಕೊಂಡದ್ದು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದವನ್ನು. ನಮ್ಮ ಪದದೊಳಗೂ ಇಟ್ಟಿಗೆಯೇ ಕುಳಿತಿದೆ. ತೂತು ತೂತಾದ, ಕೆಂಪಿನಿಂದ ಹಳದಿಯವರೆಗೆ ಹತ್ತು ಬಣ್ಣ ತೋರಿಸುವ, ಮಳೆಗಾಲದಲ್ಲಿ ಹಾವಸೆ ಕಟ್ಟಿ ಕಪ್ಪಾಗುವ ಈ ಕಲ್ಲನ್ನು ಸರಿಯಾಗಿ ಕಾಣಿಸಬಲ್ಲವರು ಉಳಿದ ಯಾವ ಮೇಲ್ಮೈಯನ್ನೂ ಕಾಣಿಸಬಲ್ಲರು. ಆದ್ದರಿಂದ ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ಒಂದು ಜಂಬಿಟ್ಟಿಗೆ ಗೋಡೆಯನ್ನು ಇಟ್ಟುಕೊಂಡು ಛಾಯಾಚಿತ್ರದಿಂದ ಹಿಡಿದು ಕೊನೆಯ ರೆಂಡರ್‌ವರೆಗೆ, ಅಂದರೆ ಮಾದರಿಯಿಂದ ತಂತ್ರಾಂಶ ತಯಾರಿಸಿಕೊಡುವ ಅಂತಿಮ ಚಿತ್ರದವರೆಗೆ, ಸಾಗೋಣ. ಬೇಕಾಗುವ ತಂತ್ರಾಂಶಗಳು ಎರಡು, ಚಿತ್ರ ತಿದ್ದಲು ಗಿಂಪ್ ಮತ್ತು ಮಾದರಿಗೆ ಹೊದಿಸಲು ಬ್ಲೆಂಡರ್, ಎರಡೂ ಉಚಿತ.

ಬಣ್ಣ ಬೇರೆ, ಎತ್ತರ ಬೇರೆ

ಚಿತ್ರವೊಂದನ್ನು ಬಾಗಿದ ಮೇಲ್ಮೈಗೆ ಹೊದಿಸುವ ವಿಧಾನವನ್ನು ಎಡ್ವಿನ್ ಕ್ಯಾಟ್‌ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ವಿವರಿಸಿದರು. ಹಾಗೆ ಹೊದಿಸುವ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಅದರಲ್ಲಿ ಬಣ್ಣವೇನೋ ಇರುತ್ತದೆ, ಆದರೆ ಬೆಳಕು ಬದಲಾದಾಗ ಗೋಡೆ ಮಾತ್ರ ಬದಲಾಗುವುದಿಲ್ಲ. ಗೋಡೆಗೆ ಮುದ್ರಿತ ಕಾಗದ ಅಂಟಿಸಿದಂತೆ ಕಾಣುತ್ತದೆ. 1978ರಲ್ಲಿ ಜೇಮ್ಸ್ ಬ್ಲಿನ್ ಇದಕ್ಕೊಂದು ಉಪಾಯ ಕಂಡುಕೊಂಡರು. ಮೇಲ್ಮೈಯ ಪ್ರತಿಯೊಂದು ಬಿಂದುವಿನಿಂದ ನೇರವಾಗಿ ಹೊರಕ್ಕೆ ಚಾಚಿದ ಕಾಲ್ಪನಿಕ ಗೆರೆಗೆ ನಾರ್ಮಲ್ ಎಂದು ಹೆಸರು, ಮತ್ತು ಬೆಳಕು ಎಷ್ಟು ಬಿದ್ದಿದೆ ಎಂಬುದನ್ನು ತಂತ್ರಾಂಶ ಲೆಕ್ಕ ಹಾಕುವುದು ಈ ಗೆರೆಯ ದಿಕ್ಕನ್ನು ನೋಡಿ. ಮೇಲ್ಮೈಯನ್ನು ಇದ್ದ ಹಾಗೆಯೇ ಬಿಟ್ಟು ಈ ಗೆರೆಯನ್ನಷ್ಟೇ ಆಚೀಚೆ ವಾಲಿಸಿದರೆ ಚಪ್ಪಟೆ ಮೈಯೂ ಉಬ್ಬುತಗ್ಗಾಗಿ ಕಾಣುತ್ತದೆ. ಎಲ್ಲಿ, ಎತ್ತ, ಎಷ್ಟು ವಾಲಿಸಬೇಕು ಎಂಬುದನ್ನು ಹೇಳುವ ಕಪ್ಪು-ಬಿಳುಪು ಚಿತ್ರವೇ ಬಂಪ್ ಮ್ಯಾಪ್. ಅದರಲ್ಲಿ ಬಿಳಿ ಎಂದರೆ ಎತ್ತರ, ಕಪ್ಪು ಎಂದರೆ ತಗ್ಗು, ನಡುವಿನ ಬೂದು ನಡುವಿನ ಎತ್ತರ. ಬೂದು ಎಷ್ಟು ಬೇಗ ಬದಲಾಗುತ್ತದೋ ಅಲ್ಲಿ ಇಳಿಜಾರು ಅಷ್ಟು ಕಡಿದಾಗಿದೆ ಎಂದು ತಂತ್ರಾಂಶ ಓದಿಕೊಳ್ಳುತ್ತದೆ. ಇಡೀ ಚಿತ್ರ ಒಂದೇ ಬೂದು ಬಣ್ಣದ್ದಾಗಿದ್ದರೆ, ಅದು ಎಷ್ಟೇ ತಿಳಿಯಾಗಿರಲಿ ಗಾಢವಾಗಿರಲಿ, ಪರದೆಯ ಮೇಲೆ ಏನೂ ಆಗುವುದಿಲ್ಲ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ; ನಾನೂ ಎಡವಿದ್ದೇನೆ. ಮೊದಲ ಸಲ ನಮ್ಮ ಮನೆಯ ಹಿತ್ತಲ ಗೋಡೆಯ ಛಾಯಾಚಿತ್ರ ತೆಗೆದು, ಅದನ್ನೇ ಕಪ್ಪು-ಬಿಳುಪಿಗೆ ತಿರುಗಿಸಿ, ಬಂಪ್ ಮ್ಯಾಪ್ ಎಂದು ಹಾಕಿದ್ದೆ. ಹಾವಸೆ ಕಪ್ಪಾಗಿದ್ದುದರಿಂದ ಹಾವಸೆ ಇದ್ದಲ್ಲೆಲ್ಲ ಗೋಡೆ ಒಳಕ್ಕೆ ಕುಸಿಯಿತು. ಸುಣ್ಣದ ಕಲೆ ಬಿಳಿಯಾಗಿದ್ದುದರಿಂದ ಗಂಟುಗಂಟಾಗಿ ಹೊರಕ್ಕೆ ಬಂತು. ಪರದೆಯನ್ನು ಇಣುಕಿ ನೋಡಿದ ಅಪ್ಪಯ್ಯ, “ಇದೇನು, ಗೋಡೆಗೆ ಸಿಡುಬು ಎದ್ದಿದೆಯಲ್ಲ?” ಎಂದರು. ನಿಜವಾದ ಗೋಡೆಯನ್ನು ಬೆರಳಿನಿಂದ ಸವರಿ ನೋಡಿದರೆ ಹಾವಸೆ ಕಲ್ಲಿನ ಮೇಲೆ ಮೆತ್ತಗೆ ಎದ್ದು ನಿಂತಿರುತ್ತದೆ, ಸುಣ್ಣದ ಕಲೆ ಕೈಗೆ ಸಿಗುವುದೇ ಇಲ್ಲ. ಛಾಯಾಚಿತ್ರದ ಕಪ್ಪಿಗೆ ಕಾರಣಗಳು ಹಲವು: ನೆರಳು, ತೇವ, ಬಣ್ಣ, ಹಾವಸೆ, ಕೊನೆಯದಾಗಿ ತಗ್ಗು. ಇವುಗಳಲ್ಲಿ ತಗ್ಗನ್ನು ಮಾತ್ರ ಬೇರ್ಪಡಿಸಿ ಎತ್ತರದ ನಕ್ಷೆಯಲ್ಲಿ ಬರೆಯುವುದೇ ಈ ಕೆಲಸದ ತಿರುಳು. ಉಳಿದ ಹಂತಗಳನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಗೋಡೆಯ ಮುಂದೆ ಕ್ಯಾಮೆರಾ

ಬಣ್ಣದ ಚಿತ್ರದೊಳಗೆ ನೆರಳು ಇರಬಾರದು, ಏಕೆಂದರೆ ನೆರಳನ್ನು ಬೀಳಿಸುವ ಕೆಲಸವನ್ನು ಬ್ಲೆಂಡರ್‌ನ ದೀಪವೇ ಮಾಡಬೇಕು. ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಪ್ರತಿಯೊಂದು ತೂತಿನ ಮೇಲ್ಗಡೆ ಕರಿನೆರಳು ಅಚ್ಚಾಗಿರುತ್ತದೆ. ಮುಂದೆ ನೀವು ದೀಪವನ್ನು ಕೆಳಗಿನಿಂದ ಇಟ್ಟರೂ ಆ ನೆರಳು ಅಲ್ಲಿಂದ ಅಲುಗುವುದಿಲ್ಲ. ಈ ವಿಚಾರದಲ್ಲಿ ಮಲೆನಾಡಿನವರು ಅದೃಷ್ಟವಂತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಆಕಾಶವೇ ಒಂದು ದೊಡ್ಡ ಬಿಳಿಯ ಪರದೆ. ಸ್ಟುಡಿಯೋದವರು ಹಣ ಕೊಟ್ಟು ಕೊಳ್ಳುವ ನೆರಳಿಲ್ಲದ ಬೆಳಕು ಆಗುಂಬೆಯ ಬದಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ.

ತೊಂದರೆ ಎಂದರೆ ಆ ದಿನಗಳಲ್ಲಿ ಗೋಡೆ ನೆನೆದಿರುತ್ತದೆ. ನೆನೆದ ಜಂಬಿಟ್ಟಿಗೆ ಒಣ ಕಲ್ಲಿಗಿಂತ ಬಹಳ ಗಾಢವಾಗಿ ಕಾಣುವುದಲ್ಲದೆ, ನೀರಿನ ಪದರ ಹೊಳೆದು ಚಿತ್ರದಲ್ಲಿ ಬಿಳಿ ಚುಕ್ಕೆಗಳನ್ನೂ ಮೂಡಿಸುತ್ತದೆ. ಎರಡು ದಾರಿಗಳಿವೆ. ಮಳೆ ಎರಡು ಮೂರು ದಿನ ಬಿಡುವು ಕೊಟ್ಟು ಮೋಡ ಮಾತ್ರ ಉಳಿದಿರುವ ಬೆಳಗ್ಗೆಗಾಗಿ ಕಾಯುವುದು ಒಂದು. ಸೂರಿನ ಕೆಳಗಿನ, ಇರಿಚಲು ತಾಗದ ಭಾಗವನ್ನು ಆಯ್ದುಕೊಳ್ಳುವುದು ಇನ್ನೊಂದು. ಮಳೆಗಾಲಕ್ಕೆಂದು ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಮನೆಗಳಲ್ಲಿ, ತಟ್ಟಿಯನ್ನು ಬಿಚ್ಚಿದ ಕೂಡಲೇ ಅದರ ಹಿಂದಿನ ಗೋಡೆಯ ಚಿತ್ರ ತೆಗೆದರೆ ಹಾವಸೆ ಹತ್ತದ ಶುದ್ಧ ಕಲ್ಲಿನ ಚಿತ್ರ ಸಿಗುತ್ತದೆ. ಇದರ ಉಪಯೋಗ ಮುಂದೆ ತಿಳಿಯುತ್ತದೆ.

ಕ್ಯಾಮೆರಾವನ್ನು ಗೋಡೆಗೆ ನೇರ ಎದುರಾಗಿ, ಗೋಡೆಯ ನಡು ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಮೊಬೈಲಿನಲ್ಲಿ ತೆಗೆಯುವುದಾದರೆ ಅಗಲ ಕೋನದ ಲೆನ್ಸ್ ಬೇಡ. ಅದು ಅಂಚಿನ ಕಲ್ಲುಗಳನ್ನು ಹೊರಕ್ಕೆ ಎಳೆಯುತ್ತದೆ. ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿ. ಬೆಳಕಿನ ಪ್ರಮಾಣ ಮತ್ತು ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡದಿದ್ದರೆ ಒಂದೇ ಗೋಡೆಯ ನಾಲ್ಕು ಚಿತ್ರಗಳಲ್ಲಿ ನಾಲ್ಕು ಬಗೆಯ ಕೆಂಪು ಬರುತ್ತದೆ. ಒಂದು ಚಿತ್ರದಲ್ಲಿ ಗೋಡೆಗೆ ತಾಗಿದಂತೆ ಅಳತೆ ಟೇಪು ಇರಲಿ. ಅದೇ ದಿನ ಪೊರಕೆಯ ಒಂದು ಕಡ್ಡಿಯನ್ನು ಆಳವಾದ ನಾಲ್ಕಾರು ತೂತುಗಳಿಗೂ ಕಲ್ಲುಗಳ ನಡುವಿನ ಸಂದುಗಳಿಗೂ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಆಳವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಬಂಪ್‌ನ ಪ್ರಮಾಣ ಎಷ್ಟಿರಬೇಕು ಎಂದು ಕೊನೆಯಲ್ಲಿ ಅಂದಾಜಿನಲ್ಲಿ ತಡಕಾಡುವವರೆಲ್ಲ ಈ ಐದು ನಿಮಿಷದ ಕೆಲಸವನ್ನು ಬಿಟ್ಟವರು.

ರಾತ್ರಿ ಇನ್ನೊಂದು ಸುತ್ತು ಚಿತ್ರ ತೆಗೆಯಬೇಕು. ಕ್ಯಾಮೆರಾ ಅಲುಗದಂತೆ ಇದ್ದಲ್ಲೇ ಇರಲಿ. ಟಾರ್ಚನ್ನು ಗೋಡೆಗೆ ಬಹುತೇಕ ಸಮಾನಾಂತರವಾಗಿ ಎಡದಿಂದ ಹಿಡಿದು ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ಓರೆ ಬೆಳಕಿನಲ್ಲಿ ಬಣ್ಣ ಹಿಂದೆ ಸರಿದು ಉಬ್ಬುತಗ್ಗು ಮುಂದೆ ಬರುತ್ತದೆ. ಎಡದ ಬೆಳಕಿನಲ್ಲಿಯೂ ಬಲದ ಬೆಳಕಿನಲ್ಲಿಯೂ ಕಪ್ಪಾಗಿಯೇ ಉಳಿಯುವುದು ಕಲೆ ಅಥವಾ ಆಳವಾದ ತೂತು. ಬೆಳಕಿನ ಜೊತೆ ನೆರಳಿನ ಬದಿ ಬದಲಿಸುವುದು ಉಬ್ಬು. ಈ ಚಿತ್ರಗಳನ್ನು ಯಾವುದಕ್ಕೂ ಹೊದಿಸುವುದಿಲ್ಲ, ಆದರೆ ಎತ್ತರದ ನಕ್ಷೆಯನ್ನು ಬರೆಯುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಇವನ್ನೇ.

ಅಂಚು ಕಾಣದಂತೆ ಹೊಲಿಯುವುದು

ಗಿಂಪ್‌ನಲ್ಲಿ ಮೊದಲ ಕೆಲಸ ಚಿತ್ರವನ್ನು ನೇರ ಮಾಡುವುದು. ಪರ್ಸ್‌ಪೆಕ್ಟಿವ್ ಉಪಕರಣವನ್ನು ಕರೆಕ್ಟಿವ್ ವಿಧಾನಕ್ಕೆ ಬದಲಿಸಿ, ನಾಲ್ಕು ಮೂಲೆಗಳನ್ನು ಕಲ್ಲಿನ ಸಂದುಗಳ ಮೇಲೆ ಕೂರಿಸಿದರೆ ಸಾಲುಗಳು ಅಡ್ಡಕ್ಕೆ ಸಮನಾಗುತ್ತವೆ. ನಂತರ ಬೆಳಕಿನ ಏರಿಳಿತವನ್ನು ತೆಗೆಯಬೇಕು, ಏಕೆಂದರೆ ಮೋಡದ ದಿನದಲ್ಲೂ ಸೂರಿನ ಬದಿ ಕೊಂಚ ಕತ್ತಲೆಯಾಗಿಯೇ ಇರುತ್ತದೆ. ಪದರವನ್ನು ನಕಲು ಮಾಡಿ, ಆ ನಕಲನ್ನು ಕಪ್ಪು-ಬಿಳುಪು ಮಾಡಿ, ಕಲ್ಲುಗಳ ಗುರುತೇ ಸಿಗದಷ್ಟು ಗಾಸಿಯನ್ ಬ್ಲರ್ ಕೊಟ್ಟು, ಅದು ಕೆಳಗಿನ ಪದರದೊಂದಿಗೆ ಬೆರೆಯುವ ವಿಧಾನವನ್ನು (ಮೋಡ್) ಗ್ರೇನ್ ಎಕ್ಸ್‌ಟ್ರ್ಯಾಕ್ಟ್ ಎಂದು ಬದಲಿಸಿ. ಮೂಲ ಚಿತ್ರದಿಂದ ಮಸುಕು ಚಿತ್ರವನ್ನು ಕಳೆದು 128 ಕೂಡಿಸುವುದಷ್ಟೇ ಇದರ ಲೆಕ್ಕ; ದೊಡ್ಡ ಪ್ರಮಾಣದ ನೆರಳು ಹೋಗಿ ಕಲ್ಲಿನ ಬಣ್ಣ ಉಳಿಯುತ್ತದೆ.

ಈಗ ಕತ್ತರಿಸುವುದು. ಇಲ್ಲಿ ಗಾರೆ ಕೆಲಸದವರ ಒಂದು ನಿಯಮವನ್ನು ನೆನಪಿಟ್ಟುಕೊಳ್ಳಬೇಕು: ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬರಬಾರದು, ಆದ್ದರಿಂದ ಪ್ರತಿ ಸಾಲೂ ಕೆಳಗಿನದಕ್ಕಿಂತ ಅರ್ಧ ಕಲ್ಲು ಸರಿದಿರುತ್ತದೆ. ಎಂದರೆ ಗೋಡೆಯ ವಿನ್ಯಾಸ ಮರಳಿ ಮೊದಲಿನಂತಾಗುವುದು ಎರಡು ಸಾಲಿಗೊಮ್ಮೆ. ಬೆಸ ಸಂಖ್ಯೆಯ ಸಾಲುಗಳಿರುವಂತೆ ಕತ್ತರಿಸಿದರೆ ಚಿತ್ರಗಳು ಒಂದರ ಮೇಲೊಂದು ಕೂಡುವಲ್ಲಿ ಸಂದಿನ ಮೇಲೆ ಸಂದು ಬಂದು, ನೋಡಿದ ಕೂಡಲೇ ಮೇಸ್ತ್ರಿಗಳು ನಗುತ್ತಾರೆ. ಕಲ್ಲಿನ ಅಳತೆ ಊರಿಂದೂರಿಗೆ ಬೇರೆಯಾಗುವುದರಿಂದ ನಿಮ್ಮ ಗೋಡೆಯನ್ನೇ ಅಳೆಯಿರಿ. ಉದಾಹರಣೆಗೆ ಗಾರೆಯೂ ಸೇರಿ ಕಲ್ಲಿನ ಮುಖ 40 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ ಇದ್ದರೆ, ಅಡ್ಡಕ್ಕೆ 5 ಕಲ್ಲು ಮತ್ತು ಮೇಲಕ್ಕೆ 10 ಸಾಲು ಹಿಡಿದಾಗ ಸರಿಯಾಗಿ 2 ಮೀಟರ್ ಚೌಕ ಸಿಗುತ್ತದೆ. ಇದನ್ನು 2048 ಪಿಕ್ಸೆಲ್ ಚೌಕಕ್ಕೆ ಇಳಿಸಿದರೆ ಒಂದು ಸೆಂಟಿಮೀಟರಿಗೆ ಸುಮಾರು 10 ಪಿಕ್ಸೆಲ್ ಆಯಿತು, 5 ಮಿ.ಮೀ. ಅಗಲದ ತೂತಿಗೆ 5 ಪಿಕ್ಸೆಲ್. ಅಂಗಳದಲ್ಲಿ ನಿಂತು ಮನೆಯನ್ನು ನೋಡುವ ದೃಶ್ಯಕ್ಕೆ ಇಷ್ಟು ಧಾರಾಳ. ಜಗಲಿಯಲ್ಲಿ ಕುಳಿತು ಗೋಡೆಗೆ ಮುಖ ತಾಗಿಸುವಂಥ ದೃಶ್ಯವಿದ್ದರೆ 4096 ಇಟ್ಟುಕೊಳ್ಳಿ, ಆದರೆ ಅದು ನಾಲ್ಕು ಪಟ್ಟು ಸ್ಮರಣೆ ಬೇಡುತ್ತದೆ ಎಂಬುದು ನೆನಪಿರಲಿ: ನಾಲ್ಕು ಚಾನೆಲ್‌ಗಳ 8 ಬಿಟ್ ಚಿತ್ರವೊಂದಕ್ಕೆ 16 ಎಂಬಿ ಹೋಗುವಲ್ಲಿ 64 ಎಂಬಿ.

ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್‌ನಲ್ಲಿರುವ ಆಫ್‌ಸೆಟ್ ಆಜ್ಞೆಯಿಂದ ಚಿತ್ರವನ್ನು ಎರಡೂ ದಿಕ್ಕಿಗೆ ಅರ್ಧ, ಅಂದರೆ 1024 ಪಿಕ್ಸೆಲ್, ಸರಿಸಿ. ಅಂಚುಗಳು ಈಗ ನಡುವೆ ಬಂದು ನಿಲ್ಲುತ್ತವೆ. ಒಂದು ಬಿಟ್ಟು ಒಂದು ಸಾಲಿನಲ್ಲಿ ಅಂಚು ಸಂದಿನ ಮೇಲೆಯೇ ಬಿದ್ದಿರುವುದರಿಂದ ಗಾರೆಯನ್ನು ಕೊಂಚ ತಿದ್ದಿದರೆ ಸಾಕು. ಉಳಿದ ಸಾಲುಗಳಲ್ಲಿ ಎರಡು ಬೇರೆ ಬೇರೆ ಕಲ್ಲುಗಳ ಅರ್ಧಗಳು ಸೇರಿ ಒಂದು ಕಲ್ಲಾಗಿರುತ್ತವೆ; ಅದನ್ನು ಹೀಲ್ ಉಪಕರಣದಿಂದ ಉಜ್ಜುತ್ತಾ ಕೂರಬೇಡಿ, ಅದು ತೂತುಗಳನ್ನೆಲ್ಲ ಅಳಿಸಿ ಸಾರಣೆ ಮಾಡಿದಂತೆ ನುಣ್ಣಗೆ ಮಾಡಿಬಿಡುತ್ತದೆ. ಚಿತ್ರದ ಬೇರೆಡೆಯಿಂದ, ಸಾಧ್ಯವಾದರೆ ಕತ್ತರಿಸಿ ಬಿಟ್ಟ ಭಾಗದಿಂದ, ಇಡಿಯಾದ ಒಂದು ಕಲ್ಲನ್ನು ನಕಲು ಮಾಡಿ ಅದರ ಮೇಲೆ ಕೂರಿಸಿ. ಮುಗಿದ ಬಣ್ಣದ ಚಿತ್ರವನ್ನು ಉಳಿಸಿಕೊಂಡ ಮೇಲೆ ಎತ್ತರದ ನಕ್ಷೆಯನ್ನು ಇದರ ಮೇಲೆಯೇ, ಪದರಗಳಾಗಿ ಕಟ್ಟೋಣ. ಆಗ ಎರಡೂ ಪಿಕ್ಸೆಲ್ ಪಿಕ್ಸೆಲ್ ಹೊಂದಿಕೊಳ್ಳುತ್ತವೆ.

ಎತ್ತರವನ್ನು ಕೈಯಿಂದ ಬರೆಯುವುದು

ಹೊಸ ಕೆಲಸ ಆರಂಭಿಸುವ ಮುನ್ನ ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 16 ಬಿಟ್ ಇಂಟಿಜರ್ ಆಯ್ದುಕೊಳ್ಳಿ. 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು ಮಾತ್ರ. ಕಣ್ಣಿಗೆ ಬಣ್ಣವಾಗಿ ನೋಡಲು ಅಷ್ಟು ಸಾಕು. ಆದರೆ ಬಂಪ್ ನೋಡುವುದು ಪಕ್ಕಪಕ್ಕದ ಬಿಂದುಗಳ ವ್ಯತ್ಯಾಸವನ್ನು, ಹಾಗಾಗಿ ನಿಧಾನವಾದ ಇಳಿಜಾರೊಂದು ಗದ್ದೆಯ ಮಡಿಗಳ ಹಾಗೆ ಚಪ್ಪಟೆ, ಮೆಟ್ಟಿಲು, ಮತ್ತೆ ಚಪ್ಪಟೆ ಎಂದು ಒಡೆದು ಕಾಣುತ್ತದೆ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳಿರುವುದರಿಂದ ಆ ತೊಂದರೆಯಿಲ್ಲ. ಉಳಿಸುವುದು ಪಿಎನ್‌ಜಿ ಆಗಿಯೇ ಇರಲಿ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಚೌಕಗಳಾಗಿ ತುಂಡರಿಸಿ ಕುಗ್ಗಿಸುತ್ತದೆ, ಬಣ್ಣದಲ್ಲಿ ಕಾಣದ ಆ ಚೌಕಗಳು ಓರೆ ಬೆಳಕಿನಲ್ಲಿ ಗೋಡೆಯ ಮೇಲೆ ಚಾಪೆಯ ಹೆಣಿಗೆಯಂತೆ ಎದ್ದು ಕಾಣುತ್ತವೆ.

ನಿಮ್ಮ ಕಡ್ಡಿಯ ಅಳತೆಯಲ್ಲಿ ಅತಿ ಎತ್ತರದ ಮತ್ತು ಅತಿ ಆಳದ ಜಾಗಗಳ ವ್ಯತ್ಯಾಸ 20 ಮಿ.ಮೀ. ಬಂದಿದೆ ಎಂದುಕೊಳ್ಳೋಣ. ಆಗ ಶುದ್ಧ ಬಿಳಿ ಎಂದರೆ 20, ಶುದ್ಧ ಕಪ್ಪು ಎಂದರೆ 0, ಶೇ. 50ರ ಬೂದು ಎಂದರೆ 10. ಈ ಒಂದು ನಿಶ್ಚಯದಿಂದ ಇಡೀ ನಕ್ಷೆ ಅಂದಾಜಾಗಿರದೆ ಅಳತೆಯಾಗುತ್ತದೆ.

ಮೊದಲ ಪದರದಲ್ಲಿ ಕಲ್ಲು ಮತ್ತು ಸಂದು ಎರಡೇ ಇರಲಿ. ಪ್ರತಿ ಕಲ್ಲಿನ ಮುಖವನ್ನು ಆಯ್ದು ಶೇ. 75ರ ಆಸುಪಾಸಿನ ಬೂದು ತುಂಬಿ, ಆದರೆ ಎಲ್ಲಕ್ಕೂ ಒಂದೇ ಬೂದು ಬೇಡ. ಕೈಯಿಂದ ಕಟ್ಟಿದ ಗೋಡೆಯಲ್ಲಿ ಒಂದು ಕಲ್ಲು ಎರಡು ಮಿ.ಮೀ. ಮುಂದೆ, ಇನ್ನೊಂದು ಮೂರು ಮಿ.ಮೀ. ಹಿಂದೆ ಇರುತ್ತದೆ. ಹಾಗಾಗಿ ಶೇ. 60ರಿಂದ 85ರ ನಡುವೆ ಹಂಚಿ. ಸಂದಿನ ಗಾರೆ ಹತ್ತು ಮಿ.ಮೀ. ಒಳಗಿದ್ದರೆ ಶೇ. 25 ಸರಿ. ಕೆಲವು ಮನೆಗಳಲ್ಲಿ ಸಂದಿಗೆ ಸಿಮೆಂಟಿನ ಪಟ್ಟಿ ಎಳೆದಿರುತ್ತಾರೆ, ಅಲ್ಲಿ ಗಾರೆ ಕಲ್ಲಿಗಿಂತ ಮುಂದಿರುತ್ತದೆ. ಛಾಯಾಚಿತ್ರ ನೋಡಿ ತೀರ್ಮಾನಿಸದೆ ನಿಮ್ಮ ಟಿಪ್ಪಣಿಯನ್ನು ನೋಡಿ. ಕೊನೆಗೆ ಈ ಪದರಕ್ಕೆ ನಾಲ್ಕೈದು ಪಿಕ್ಸೆಲ್ ಬ್ಲರ್ ಕೊಡಿ. ಬ್ಲರ್ ಇಲ್ಲದ ಅಂಚು ಬ್ಲೇಡಿನಿಂದ ಕೊಯ್ದಂತಿರುತ್ತದೆ, ಮಳೆ ತಿಂದ ಕಲ್ಲಿನ ಅಂಚು ಹಾಗಿರುವುದಿಲ್ಲ.

ಎರಡನೆಯ ಪದರ ಕಲ್ಲಿನ ಮುಖದ ಮೇಲಿನ ಉಳಿ ಗುರುತುಗಳದ್ದು. ಕೈಯಿಂದ ಕೆತ್ತಿದ ಹಳೆಯ ಕಲ್ಲಿನಲ್ಲಿ ಓರೆಯಾದ ಕಚ್ಚುಗಳಿರುತ್ತವೆ, ಯಂತ್ರದಿಂದ ಕೊಯ್ದ ಈಚಿನ ಕಲ್ಲಿನಲ್ಲಿ ಗರಗಸದ ಬಿಲ್ಲಿನಂಥ ಗೆರೆಗಳಿರುತ್ತವೆ. ಟಾರ್ಚಿನ ಚಿತ್ರ ನೋಡಿ ಮೃದುವಾದ ಕುಂಚದಿಂದ ಗೀಚಿ. ಮನೆಯ ವಯಸ್ಸನ್ನು ಹೇಳುವುದು ಈ ಗೀಚುಗಳೇ.

ಮೂರನೆಯದು ತೂತುಗಳು. ಇಲ್ಲಿ ಮಾತ್ರ ಛಾಯಾಚಿತ್ರದ ಸಹಾಯ ಪಡೆಯಬಹುದು, ಏಕೆಂದರೆ ನೂರಾರು ತೂತುಗಳನ್ನು ಕೈಯಿಂದ ಬರೆಯುವಷ್ಟು ತಾಳ್ಮೆ ಯಾರಿಗೂ ಇಲ್ಲ. ಬಣ್ಣದ ಚಿತ್ರದ ನಕಲನ್ನು ಕಪ್ಪು-ಬಿಳುಪು ಮಾಡಿ, ಸಣ್ಣ ವಿವರಗಳನ್ನಷ್ಟೇ ಉಳಿಸುವ ಹೈ ಪಾಸ್ ಫಿಲ್ಟರ್ ಹಾಕಿ, ಲೆವೆಲ್ಸ್‌ನಲ್ಲಿ ತೂತುಗಳು ಮಾತ್ರ ಕಪ್ಪಾಗಿ ಉಳಿಯುವಂತೆ ಎಳೆಯಿರಿ. ನಂತರ ಲೇಯರ್ ಮಾಸ್ಕ್ ಹಾಕಿ ಹಾವಸೆ, ಸುಣ್ಣ, ಕಬ್ಬಿಣದಂಶದ ಕಪ್ಪು ಕಲೆ ಇವೆಲ್ಲವನ್ನೂ ಮರೆಮಾಡಿ. ಯಾವುದು ತೂತು, ಯಾವುದು ಕಲೆ ಎಂಬ ಅನುಮಾನ ಬಂದಲ್ಲೆಲ್ಲ ಟಾರ್ಚಿನ ಚಿತ್ರವೇ ಸಾಕ್ಷಿ. ಈ ಪದರವನ್ನು ಮಲ್ಟಿಪ್ಲೈ ಮೋಡಿನಲ್ಲಿ ಮೊದಲ ಪದರದ ಮೇಲೆ ಇಟ್ಟರೆ ನಕ್ಷೆ ಸಿದ್ಧ. ತಟ್ಟಿಯ ಹಿಂದಿನ ಶುದ್ಧ ಗೋಡೆಯ ಚಿತ್ರವಿದ್ದವರಿಗೆ ಮಾಸ್ಕ್‌ನ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. ಹಾವಸೆಯನ್ನು ಈ ನಕ್ಷೆಯಲ್ಲಿ ಬರೆಯಲೇಬೇಡಿ.

ಬ್ಲೆಂಡರ್‌ನಲ್ಲಿ ಹೊದಿಸುವುದು

ಗೋಡೆಯ ಮಾದರಿಯನ್ನು ಆಯ್ದು ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅನ್ನು ಅಪ್ಲೈ ಮಾಡಿ. ಇದನ್ನು ಮರೆತರೆ ಎಳೆದು ಉದ್ದ ಮಾಡಿದ ಗೋಡೆಯ ಕಲ್ಲುಗಳೂ ಎಳೆದಂತೆ ಕಾಣುತ್ತವೆ. ಎಡಿಟ್ ಮೋಡಿಗೆ ಹೋಗಿ, ಗೋಡೆಯ ಮೂಲೆಗಳ ಅಂಚುಗಳನ್ನು ಸೀಮ್ ಎಂದು ಗುರುತಿಸಿ, ಎಲ್ಲವನ್ನೂ ಆಯ್ದು, ಯು ಕೀಲಿಯಿಂದ ಅನ್‌ರ್ಯಾಪ್ ಮಾಡಿ. ರಟ್ಟಿನ ಪೆಟ್ಟಿಗೆಯನ್ನು ಮೂಲೆಗಳಲ್ಲಿ ಕೊಯ್ದು ನೆಲದ ಮೇಲೆ ಹರಡಿದಂತೆ ಗೋಡೆಯ ಮುಖಗಳು ಯುವಿ ಎಡಿಟರ್‌ನಲ್ಲಿ ಹರಡಿಕೊಳ್ಳುತ್ತವೆ. ಚಿತ್ರದ ಯಾವ ಭಾಗ ಗೋಡೆಯ ಎಲ್ಲಿಗೆ ಬರಬೇಕು ಎಂದು ಹೇಳುವ ಈ ಹರಹೇ ಯುವಿ.

ಅಳತೆಯನ್ನು ಕೂಡಿಸಲು ಒಂದು ಸುಲಭದ ದಾರಿಯಿದೆ. ಬ್ಲೆಂಡರ್‌ನಲ್ಲಿ ಹೊಸದಾಗಿ ಸೇರಿಸಿದ ಪ್ಲೇನ್ ಎಂಬ ಚಪ್ಪಟೆ ಹಾಳೆ ಮೊದಲಿಗೆ 2 ಮೀಟರ್ ಚೌಕವಾಗಿಯೇ ಬರುತ್ತದೆ, ಇಡೀ ಟೆಕ್ಸ್ಚರ್ ಅದರ ಮೇಲೆ ಸರಿಯಾಗಿ ಒಂದು ಸಲ ಹರಡುತ್ತದೆ. ನಮ್ಮ ಚಿತ್ರವೂ 2 ಮೀಟರಿನದ್ದು. ಆ ಪ್ಲೇನನ್ನು ಗೋಡೆಯ ಪಕ್ಕ ನಿಲ್ಲಿಸಿ ಅದೇ ಮೆಟೀರಿಯಲ್ ಕೊಡಿ, ಮತ್ತು ಗೋಡೆಯ ಕಲ್ಲುಗಳು ಪ್ಲೇನಿನ ಕಲ್ಲುಗಳಷ್ಟೇ ದೊಡ್ಡದಾಗುವವರೆಗೆ ಯುವಿ ಎಡಿಟರ್‌ನಲ್ಲಿ ಗೋಡೆಯ ಹರಹನ್ನು ಹಿಗ್ಗಿಸಿ. ಚೌಕದಿಂದ ಹೊರಗೆ ಹೋದರೆ ಚಿಂತೆಯಿಲ್ಲ, ಚಿತ್ರ ತಾನಾಗಿ ಮರುಕಳಿಸುತ್ತದೆ. ಮೂಲೆಯಲ್ಲಿ ಎರಡೂ ಗೋಡೆಗಳ ಸಾಲುಗಳು ಒಂದೇ ಎತ್ತರಕ್ಕೆ ಕೂಡುವಂತೆ ಸರಿಸುವುದನ್ನು ಮರೆಯಬೇಡಿ. ಪ್ಲೇನಿನ ಕೆಲಸ ಮುಗಿದ ಮೇಲೆ ಅಳಿಸಿ.

ಶೇಡಿಂಗ್ ಕಾರ್ಯಕ್ಷೇತ್ರದಲ್ಲಿ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ನೋಡ್ ಆಗಲೇ ಇರುತ್ತದೆ. ನೋಡ್ ಎಂದರೆ ಒಂದಕ್ಕೊಂದು ಎಳೆಯಿಂದ ಜೋಡಿಸಬಹುದಾದ ಪೆಟ್ಟಿಗೆ; ಮೇಲ್ಮೈ ಬೆಳಕಿಗೆ ಹೇಗೆ ಕಾಣಬೇಕು ಎಂಬುದನ್ನು ನಿರ್ಧರಿಸುವ ಪೆಟ್ಟಿಗೆ ಇದು. ಆಡ್‌ಆನ್‌ಗಳ ಪಟ್ಟಿಯಲ್ಲಿ ನೋಡ್ ರ‍್ಯಾಂಗ್ಲರ್ ಚಾಲೂ ಮಾಡಿಕೊಂಡಿದ್ದರೆ, ಆ ನೋಡನ್ನು ಆಯ್ದು ಕಂಟ್ರೋಲ್ ಮತ್ತು ಟಿ ಒತ್ತಿದಾಗ ಇಮೇಜ್ ಟೆಕ್ಸ್ಚರ್, ಮ್ಯಾಪಿಂಗ್, ಟೆಕ್ಸ್ಚರ್ ಕೋಆರ್ಡಿನೇಟ್ ಮೂರೂ ಜೋಡಿಸಿಕೊಂಡೇ ಬರುತ್ತವೆ. ಇಮೇಜ್ ಟೆಕ್ಸ್ಚರ್‌ನಲ್ಲಿ ಬಣ್ಣದ ಚಿತ್ರವನ್ನು ತೆರೆಯಿರಿ. ಅದೇ ನೋಡನ್ನು ನಕಲು ಮಾಡಿ ಎತ್ತರದ ನಕ್ಷೆಯನ್ನು ತೆರೆದು, ಅದೇ ಮ್ಯಾಪಿಂಗ್ ನೋಡಿಗೆ ಸಿಕ್ಕಿಸಿ. ಎತ್ತರದ ಚಿತ್ರದ ಕಲರ್ ಸ್ಪೇಸ್ ಅನ್ನು ನಾನ್-ಕಲರ್ ಎಂದು ಬದಲಿಸಲೇಬೇಕು. ಎಸ್‌ಆರ್‌ಜಿಬಿ ಎಂದೇ ಬಿಟ್ಟರೆ ಬ್ಲೆಂಡರ್ ಅದನ್ನು ಬಣ್ಣವೆಂದು ತಿಳಿದು ಪರಿವರ್ತಿಸುತ್ತದೆ, ನೀವು ಬರೆದ 0.5 ಎಂಬ ಬೂದು ಸುಮಾರು 0.21 ಆಗುತ್ತದೆ. ಪೊರಕೆಯ ಕಡ್ಡಿ ಹಿಡಿದು ಮಾಡಿದ ಅಳತೆಯೆಲ್ಲ ಅಲ್ಲಿಗೆ ನೀರುಪಾಲು. ಅದೇ ನೋಡಿನಲ್ಲಿ ಲಿನಿಯರ್ ಎಂದಿರುವುದನ್ನು ಕ್ಯೂಬಿಕ್ ಮಾಡಿದರೆ ಹತ್ತಿರದ ದೃಶ್ಯಗಳಲ್ಲಿ ಬಂಪ್ ನಯವಾಗಿ ಬರುತ್ತದೆ.

ಈಗ ಬಂಪ್ ನೋಡನ್ನು ಸೇರಿಸಿ. ಎತ್ತರದ ಚಿತ್ರದ ಕಲರ್ ತುದಿ ಬಂಪ್‌ನ ಹೈಟ್‌ಗೆ, ಬಂಪ್‌ನ ನಾರ್ಮಲ್ ತುದಿ ಪ್ರಿನ್ಸಿಪಲ್ಡ್‌ನ ನಾರ್ಮಲ್‌ಗೆ ಹೋಗಬೇಕು. ಕಪ್ಪು-ಬಿಳುಪು ಚಿತ್ರವನ್ನು ನೇರವಾಗಿ ಪ್ರಿನ್ಸಿಪಲ್ಡ್‌ನ ನಾರ್ಮಲ್‌ಗೆ ಸಿಕ್ಕಿಸುವುದು ಹೊಸಬರ ಸಾಮಾನ್ಯ ತಪ್ಪು. ಆಗ ಗೋಡೆಯ ಮೇಲೆ ಅರ್ಥವಿಲ್ಲದ ಬೆಳಕಿನ ತೇಪೆಗಳು ಕಾಣುತ್ತವೆ. ಸ್ಟ್ರೆಂತ್ ಅನ್ನು 1ರಲ್ಲೇ ಇಟ್ಟು, ಡಿಸ್ಟೆನ್ಸ್‌ನಲ್ಲಿ 0.02 ಎಂದು ಬರೆಯಿರಿ. ಕಪ್ಪಿನಿಂದ ಬಿಳಿಗೆ 20 ಮಿ.ಮೀ. ಎಂದು ನಾವು ನಿಶ್ಚಯಿಸಿದ್ದು ಇದಕ್ಕಾಗಿ. ಅಲ್ಲಿ 1.0 ಎಂದಿದ್ದರೆ ಒಂದು ಮೀಟರ್ ಆಳದ ಸಂದುಗಳಿರುವ ಗೋಡೆ ಎಂದು ಅರ್ಥ. ಅದನ್ನು ಹಾಗೆಯೇ ಬಿಟ್ಟು ಸ್ಟ್ರೆಂತ್ ಇಳಿಸುತ್ತಾ ಹೋಗುವವರನ್ನು ನೋಡಿದ್ದೇನೆ. ಸಂದುಗಳು ಒಳಕ್ಕೆ ಹೋಗದೆ ಹೊರಕ್ಕೆ ಉಬ್ಬಿದ್ದರೆ ಇನ್ವರ್ಟ್ ಗುರುತು ಹಾಕಿ.

ಪ್ರಿನ್ಸಿಪಲ್ಡ್‌ನ ರಫ್‌ನೆಸ್ ಅನ್ನು ಒಣ ಜಂಬಿಟ್ಟಿಗೆಗೆ 0.9ರ ಬಳಿ ಇಟ್ಟರೆ ಸಾಕು. ನೆನೆದ ಗೋಡೆ ಬೇಕಿದ್ದರೆ ಬಣ್ಣವನ್ನು ಗಾಢಗೊಳಿಸಿ ರಫ್‌ನೆಸ್ ಇಳಿಸಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಗೋಡೆ ಎಣ್ಣೆ ಹಚ್ಚಿದಂತಾಗುತ್ತದೆ.

ಹಾವಸೆಯನ್ನು ಕೊನೆಗೆ ಬೆಳೆಸುವುದು

ಹನ್ನೆರಡು ಮೀಟರ್ ಉದ್ದದ ಗೋಡೆಯಲ್ಲಿ 2 ಮೀಟರಿನ ಚಿತ್ರ ಆರು ಸಲ ಬರುತ್ತದೆ. ಕಲ್ಲುಗಳು ಆರು ಸಲ ಬಂದರೆ ಯಾರೂ ಗಮನಿಸುವುದಿಲ್ಲ, ಆದರೆ ಚಿತ್ರದಲ್ಲಿ ಆನೆಯ ಕಿವಿಯಂಥ ಒಂದು ಹಾವಸೆಯ ತೇಪೆ ಇದ್ದರೆ ಆರು ಆನೆಗಳು ಸಾಲಾಗಿ ನಿಂತಿರುತ್ತವೆ. ಹಾವಸೆಯನ್ನು ಚಿತ್ರದಿಂದ ಹೊರಗಿಟ್ಟದ್ದು ಆ ಕಾರಣಕ್ಕೆ. ಹಾವಸೆ ಎಲ್ಲಿ ಬೆಳೆಯುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ವಿಷಯವಲ್ಲ: ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಬುಡದ ಒಂದೆರಡು ಅಡಿ, ಹೆಂಚು ಒಡೆದು ನೀರು ಇಳಿಯುವ ಜಾಗ, ಕಿಟಕಿಯ ಕೆಳಗಿನ ಮೂಲೆಗಳು.

ಜಿಯಾಮೆಟ್ರಿ ನೋಡಿನ ಪೊಸಿಷನ್ ಅನ್ನು ಸೆಪರೇಟ್ ಎಕ್ಸ್‌ವೈಜೆಡ್‌ಗೆ ಕೊಟ್ಟು ಜೆಡ್ ಬೆಲೆಯನ್ನು ಮಾತ್ರ ತೆಗೆದುಕೊಳ್ಳಿ. ಮ್ಯಾಪ್ ರೇಂಜ್ ನೋಡಿನಿಂದ ನೆಲದಲ್ಲಿ 1, 0.6 ಮೀಟರ್ ಎತ್ತರದಲ್ಲಿ 0 ಆಗುವಂತೆ ತಿರುಗಿಸಿ. ಆಬ್ಜೆಕ್ಟ್ ಕೋಆರ್ಡಿನೇಟ್ ಕೊಟ್ಟ ನಾಯ್ಸ್ ಟೆಕ್ಸ್ಚರ್ ಒಂದನ್ನು, ಅಂದರೆ ಬ್ಲೆಂಡರ್ ತಾನೇ ಲೆಕ್ಕ ಹಾಕಿ ಮೂಡಿಸುವ ಅಡ್ಡಾದಿಡ್ಡಿ ಮಚ್ಚೆಗಳನ್ನು, ಇದಕ್ಕೆ ಗುಣಿಸಿ, ಕಲರ್ ರ‍್ಯಾಂಪ್‌ನಿಂದ ಅಂಚುಗಳನ್ನು ಬಿಗಿ ಮಾಡಿ. ಯುವಿ ಬದಲು ಆಬ್ಜೆಕ್ಟ್ ಕೋಆರ್ಡಿನೇಟ್ ಬಳಸುವುದರಿಂದ ಈ ನಾಯ್ಸ್ ಗೋಡೆಯ ಉದ್ದಕ್ಕೆ ಎಲ್ಲಿಯೂ ಮರುಕಳಿಸುವುದಿಲ್ಲ. ಹೀಗೆ ಸಿಕ್ಕ ಮುಖವಾಡದಿಂದ ಕಲ್ಲಿನ ಬಣ್ಣ ಮತ್ತು ಹಾವಸೆಯ ಕಪ್ಪು-ಹಸಿರನ್ನು ಮಿಕ್ಸ್ ನೋಡಿನಲ್ಲಿ ಬೆರೆಸಿ. ಒಡೆದ ಹೆಂಚಿನ ಕೆಳಗೆ ನೀರು ಇಳಿದ ಜಾಡಿಗೆ ಮಾತ್ರ ಕೈಯಿಂದ ಬಣ್ಣ ಹಚ್ಚಿದ ಪ್ರತ್ಯೇಕ ಮಾಸ್ಕ್ ಬೇಕು, ಅದನ್ನು ಯಾವ ನಾಯ್ಸೂ ಊಹಿಸಲಾರದು.

ಹಾವಸೆಯ ಉಬ್ಬಿಗೆ ಎರಡನೆಯ ಬಂಪ್ ನೋಡ್ ಬೇಕು. ಸಣ್ಣ ಕಣಗಳ ಇನ್ನೊಂದು ನಾಯ್ಸ್ ಅನ್ನು ಅದೇ ಮುಖವಾಡದಿಂದ ಗುಣಿಸಿ ಅದರ ಹೈಟ್‌ಗೆ ಕೊಡಿ, ಡಿಸ್ಟೆನ್ಸ್ 0.003 ಇರಲಿ. ಮೊದಲ ಬಂಪ್‌ನ ನಾರ್ಮಲ್ ತುದಿಯನ್ನು ಈ ಎರಡನೆಯದರ ನಾರ್ಮಲ್ ಒಳಬಾಗಿಲಿಗೆ ಜೋಡಿಸಿ, ಎರಡನೆಯದನ್ನು ಪ್ರಿನ್ಸಿಪಲ್ಡ್‌ಗೆ ಕೊಡಿ. ಕಲ್ಲಿನ ಮೇಲೆ ಹಾವಸೆ ಕೂರುತ್ತದೆ, ಕೆಳಗಿನ ತೂತುಗಳೂ ಉಳಿಯುತ್ತವೆ.

ಬಂಪ್ ಸಾಲದ ಕಡೆ

ಬಂಪ್ ನಾರ್ಮಲ್ ಅನ್ನು ಮಾತ್ರ ವಾಲಿಸುವುದರಿಂದ ವಸ್ತುವಿನ ಹೊರರೇಖೆ ಬದಲಾಗುವುದಿಲ್ಲ. ಗೋಡೆಗೆ ಇದು ತೊಡಕಲ್ಲ. ಮಂಗಳೂರು ಹೆಂಚಿನ ಮಾಡಿಗೆ ದೊಡ್ಡ ತೊಡಕು, ಏಕೆಂದರೆ ಸೂರಿನ ಅಂಚಿನಲ್ಲಿ ಹೆಂಚುಗಳ ಅಲೆ ಆಕಾಶದ ಎದುರು ಕಾಣಬೇಕು, ಬಂಪ್ ಹೊದಿಸಿದ ಮಾಡಿನ ಅಂಚು ಮಾತ್ರ ಸ್ಕೇಲು ಇಟ್ಟು ಗೆರೆ ಎಳೆದಂತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಹೆಂಚು ಅಚ್ಚಿನಲ್ಲಿ ಒಂದೇ ಆಕಾರದಲ್ಲಿ ಬರುವ ವಸ್ತು. ನೀವೂ ಒಂದನ್ನು ಮಾದರಿಯಾಗಿ ರಚಿಸಿ ಅರೇ ಮಾಡಿಫೈಯರ್‌ನಿಂದ ಸಾಲು ಹಾಕಿ, ಬಂಪ್ ಅನ್ನು ಮಣ್ಣಿನ ಒರಟಿಗೆ ಮಾತ್ರ ಬಿಡಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಗೋಡೆಯ ಉಬ್ಬುಶಿಲ್ಪಗಳ ವಿಷಯವೂ ಇದೇ: ಮೂರ್ತಿಯನ್ನು ಮಾಡೆಲ್ ಮಾಡಬೇಕು, ಸವೆದ ಕಲ್ಲಿನ ಕಣಗಳನ್ನು ಬಂಪ್ ಮಾಡಬೇಕು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವಂಥ ಮರದ ಕಂಬಗಳಿಗೆ ಬಂಪ್ ಧಾರಾಳ ಸಾಕು. ಮರದ ಎಳೆಗಳು ಕಂಬದ ಉದ್ದಕ್ಕೆ ಇರುವಂತೆ ಯುವಿಯನ್ನು ತಿರುಗಿಸಿದರೆ ಆಯಿತು.

ಬ್ಲೆಂಡರ್‌ನ ರೆಂಡರ್ ಎಂಜಿನ್‌ಗಳಲ್ಲಿ ಒಂದಾದ ಸೈಕಲ್ಸ್‌ನಲ್ಲಿ ಇದೇ ಎತ್ತರದ ನಕ್ಷೆಯನ್ನು ಡಿಸ್‌ಪ್ಲೇಸ್‌ಮೆಂಟ್ ನೋಡಿಗೆ ಕೊಟ್ಟು, ಜಾಲವನ್ನು ಸಾಕಷ್ಟು ಸಣ್ಣದಾಗಿ ಸೀಳಿ, ಮೇಲ್ಮೈಯನ್ನೇ ನಿಜವಾಗಿ ಅಲುಗಿಸಬಹುದು. ಗೋಡೆಯ ಮೂಲೆ ಕ್ಯಾಮೆರಾಕ್ಕೆ ಹತ್ತಿರ ಬರುವ ದೃಶ್ಯಕ್ಕೆ ಮಾತ್ರ ಇದನ್ನು ಬಳಸುತ್ತೇನೆ. ಮಾದರಿಯನ್ನು ಆಟದ ಎಂಜಿನ್‌ಗೆ ಒಯ್ಯುವವರು ಬಂಪ್ ಬದಲು ಅದರಿಂದ ನಾರ್ಮಲ್ ಮ್ಯಾಪ್ ಬೇಕ್ ಮಾಡಿಕೊಳ್ಳಬೇಕು, ಅಂದರೆ ನಾರ್ಮಲ್‌ಗಳ ದಿಕ್ಕನ್ನೇ ಬಣ್ಣಗಳಾಗಿ ಬರೆದ ಚಿತ್ರವಾಗಿ ಉಳಿಸಿಕೊಳ್ಳಬೇಕು. ಬ್ಲೆಂಡರ್ ಕೊಡುವುದು ಓಪನ್‌ಜಿಎಲ್ ಕ್ರಮದ ನಕ್ಷೆ, ಯೂನಿಟಿಗೆ ಅದು ಹಾಗೆಯೇ ಸಲ್ಲುತ್ತದೆ. ಅನ್‌ರಿಯಲ್ ಬಯಸುವುದು ಡೈರೆಕ್ಟ್‌ಎಕ್ಸ್ ಕ್ರಮವನ್ನು, ಅಲ್ಲಿ ಹಸಿರು ಚಾನೆಲ್ ತಿರುವು ಮಾಡದಿದ್ದರೆ ಮೇಲಿನಿಂದ ಬಿದ್ದ ಬೆಳಕು ಕೆಳಗಿನಿಂದ ಬಿದ್ದಂತೆ ಕಾಣುತ್ತದೆ.

ಟಾರ್ಚಿನ ಪರೀಕ್ಷೆ

ಕೆಲಸ ಸರಿಯಾಗಿದೆಯೇ ಎಂದು ಹಗಲಿನ ಬೆಳಕಿನ ರೆಂಡರ್ ನೋಡಿ ಹೇಳಲಾಗುವುದಿಲ್ಲ, ಚೆಂದದ ಬಣ್ಣ ಎಲ್ಲ ತಪ್ಪುಗಳನ್ನೂ ಮುಚ್ಚುತ್ತದೆ. ದೃಶ್ಯದ ಎಲ್ಲ ದೀಪಗಳನ್ನೂ ಆರಿಸಿ, ವರ್ಲ್ಡ್ ಬೆಳಕನ್ನು ಸೊನ್ನೆ ಮಾಡಿ, ಒಂದು ಸ್ಪಾಟ್ ದೀಪವನ್ನು ನೀವು ಆ ರಾತ್ರಿ ಟಾರ್ಚ್ ಹಿಡಿದ ಜಾಗದಲ್ಲೇ, ಗೋಡೆಗೆ ಅಷ್ಟೇ ಓರೆಯಾಗಿ ಇಡಿ. ಬಣ್ಣದ ಚಿತ್ರದ ಎಳೆಯನ್ನು ತಾತ್ಕಾಲಿಕವಾಗಿ ಬಿಚ್ಚಿ ಗೋಡೆಯನ್ನು ಬರೀ ಬೂದು ಮಾಡಿ ರೆಂಡರ್ ತೆಗೆದು, ಟಾರ್ಚಿನ ಛಾಯಾಚಿತ್ರದ ಪಕ್ಕದಲ್ಲಿಡಿ. ಬಂಪ್ ನಿಜವಾದ ನೆರಳನ್ನು ಉದ್ದಕ್ಕೆ ಚಾಚಲಾರದು, ಹಾಗಾಗಿ ಛಾಯಾಚಿತ್ರದ ನೆರಳುಗಳು ಕೊಂಚ ಉದ್ದವಾಗಿರುವುದು ಸಹಜ. ನೋಡಬೇಕಾದದ್ದು ಬೆಳಕು ಹಿಡಿದ ಅಂಚುಗಳನ್ನು: ಬೆಳಕು ಎಡದಿಂದ ಬಿದ್ದಿದ್ದರೆ ಸಂದಿನ ಬಲಗಡೆಯ ಅಂಚು ಎರಡರಲ್ಲೂ ಹೊಳೆಯುತ್ತಿದೆಯೇ, ತೂತುಗಳು ಎರಡರಲ್ಲೂ ಅದೇ ಬದಿಗೆ ಕಪ್ಪಾಗಿವೆಯೇ, ಛಾಯಾಚಿತ್ರದಲ್ಲಿ ಚಪ್ಪಟೆಯಾಗಿರುವ ಜಾಗ ರೆಂಡರ್‌ನಲ್ಲಿ ಉಬ್ಬಿಲ್ಲ ತಾನೇ. ಹಾಗೆ ಉಬ್ಬಿದ್ದು ಸಿಕ್ಕಿದರೆ ಅದು ಬಹುಪಾಲು ಮಾಸ್ಕ್‌ನಿಂದ ತಪ್ಪಿಸಿಕೊಂಡ ಕಲೆಯೇ ಆಗಿರುತ್ತದೆ. ಗಿಂಪ್‌ಗೆ ಹಿಂತಿರುಗಿ, ಮೂರನೆಯ ಪದರದ ಮಾಸ್ಕ್‌ನಲ್ಲಿ ಅದನ್ನು ಮುಚ್ಚಿ, ಪಿಎನ್‌ಜಿಯನ್ನು ಅದೇ ಹೆಸರಿನಲ್ಲಿ ಮತ್ತೆ ಉಳಿಸಿ, ಬ್ಲೆಂಡರ್‌ನ ಇಮೇಜ್ ಮೆನುವಿನಲ್ಲಿ ರೀಲೋಡ್ ಒತ್ತಿ. ನನ್ನ ಹಿತ್ತಲ ಗೋಡೆ ಈ ಸುತ್ತನ್ನು ನಾಲ್ಕು ಸಲ ತಿರುಗಿತು.

ಕಡತವನ್ನು ಬೇರೆಯವರಿಗೆ ಕಳುಹಿಸುವ ಮುನ್ನ ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾದಲ್ಲಿ ಪ್ಯಾಕ್ ರಿಸೋರ್ಸಸ್ ಒತ್ತಿ ಚಿತ್ರಗಳನ್ನು ಒಳಗೇ ಸೇರಿಸಿಬಿಡಿ. ಇಲ್ಲದಿದ್ದರೆ ಅವರ ಪರದೆಯ ಮೇಲೆ ನಿಮ್ಮ ಜಂಬಿಟ್ಟಿಗೆಯ ಗೋಡೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದಲ್ಲಿ ತೆರೆದುಕೊಳ್ಳುತ್ತದೆ.